'ಟ್ರಸ್ಟ್' ಆದ ಮೇಲೆ 'ಆನ್' ಬೇಡ

ನನ್ನ ಸಂಜೆ ಕ್ಲಾಸಿಗೆ ಕುಂದಾಪುರ ಕಡೆಯ ಹುಡುಗ ಒಬ್ಬ ಬರುತ್ತಾನೆ. ಮಾಟುಂಗದ ಹೋಟೆಲಿನಲ್ಲಿ ಕ್ಯಾಷಿಯರ್. ಮೊನ್ನೆ ಬ್ಯಾಂಕ್ ಕೆಲಸಕ್ಕೆ ಅರ್ಜಿ ಬರೆದು ತಂದಿದ್ದ. ಅಕ್ಷರ ಮುತ್ತಿನ ಹಾಗಿತ್ತು. ಕೊನೆಯಲ್ಲಿ ಮಾತ್ರ, 'ಐ ಹ್ಯಾವ್ ಫುಲ್ ಟ್ರಸ್ಟ್ ಆನ್ ಯುವರ್ ಬ್ಯಾಂಕ್'. 'ಆನ್'ಗೆ ಕೆಂಪು ಗೆರೆ ಎಳೆದೆ.

"ಯಾಕೆ ಮೇಡಂ? ನಂಬಿಕೆ ಬ್ಯಾಂಕಿನ ಮೇಲೇ ಅಲ್ವಾ ಇರೋದು?"

ಪಾಪ, ಅವನು ಹಾಗೆ ಬರೆಯದೆ ಏನು ಮಾಡ್ತಾನೆ? ಕನ್ನಡದಲ್ಲಿ 'ನಿಮ್ಮ ಮೇಲೆ ನಂಬಿಕೆ'. ಮುಂಬಯಿಯಲ್ಲಿ ದಿನವಿಡೀ ಕಿವಿಗೆ ಬೀಳುವ ಹಿಂದಿಯಲ್ಲಿ 'ಆಪ್ ಪರ್ ಭರೋಸಾ', ಮರಾಠಿಯಲ್ಲಿ 'ತುಮ್ಚ್ಯಾವರ್ ವಿಶ್ವಾಸ್'. ಮೂರೂ 'ಮೇಲೆ' ಅನ್ನುತ್ತವೆ. ಇಂಗ್ಲಿಷಿಗೆ ಮಾತ್ರ 'ಇನ್' ಬೇಕು. ಟ್ರಸ್ಟ್ ಇನ್, ಫೇತ್ ಇನ್, ಕಾನ್ಫಿಡೆನ್ಸ್ ಇನ್. ಹಿರಿಯರ ಮೇಲಿನ ಗೌರವ 'ರೆಸ್ಪೆಕ್ಟ್ ಫಾರ್' ಆಗುತ್ತದೆ. ಖರ್ಚಿನ ಮೇಲಿನ ಹಿಡಿತ ಸಾಮಾನ್ಯವಾಗಿ 'ಕಂಟ್ರೋಲ್ ಓವರ್'.

ಕಷ್ಟ ಎಲ್ಲಿ ಅಂದ್ರೆ, ಕೆಲವು ಕಡೆ ನಮ್ಮ 'ಮೇಲೆ' ಸರಿಯಾಗಿಯೇ ಕೂರುತ್ತದೆ. ಆರೋಗ್ಯದ ಮೇಲೆ ಪರಿಣಾಮ, 'ಎಫೆಕ್ಟ್ ಆನ್'. ಪ್ಲಾಸ್ಟಿಕ್ ಮೇಲೆ ನಿಷೇಧ, 'ಬ್ಯಾನ್ ಆನ್'. ಅದೇ ಧೈರ್ಯದಲ್ಲಿ ಎಲ್ಲಾ ಕಡೆ ಹಚ್ಚಿಬಿಡುತ್ತಾರೆ. 'ಗೆ' ಪ್ರತ್ಯಯದ್ದೂ ಇದೇ ಕಥೆ. ಪ್ರಶ್ನೆಗೆ ಉತ್ತರ 'ಆನ್ಸರ್ ಟು'. ಈರುಳ್ಳಿಗೆ ಬೇಡಿಕೆ 'ಡಿಮ್ಯಾಂಡ್ ಫಾರ್'. ನಮ್ಮ 'ಗೆ' ಒಂದೇ, ಅಲ್ಲಿ ಎರಡು.

ಅದಕ್ಕೇ ವರ್ಷಗಳಿಂದ ಗಂಟಲು ಹರಿದುಕೊಂಡು ಹೇಳ್ತಿದ್ದೇನೆ. ಕನ್ನಡದ ವಿಭಕ್ತಿಯನ್ನು ಇಂಗ್ಲಿಷಿಗೆ ತಿರುಗಿಸಬೇಡಿ. 'ಟ್ರಸ್ಟ್' ಅಂತ ಬಿಡಿಯಾಗಿ ಕಲಿಯಬೇಡಿ, 'ಟ್ರಸ್ಟ್ ಇನ್' ಅಂತ ಜೋಡಿಯಾಗಿಯೇ ಕಲಿಯಿರಿ. ಕ್ರಿಯಾಪದವಾದರೆ ಲೆಕ್ಕ ಬೇರೆ. 'ಐ ಟ್ರಸ್ಟ್ ಯೂ', ನಡುವೆ ಏನೂ ಇಲ್ಲ. 'ಡಿಸ್ಕಷನ್ ಅಬೌಟ್' ಸರಿ, 'ಡಿಸ್ಕಸ್ ಅಬೌಟ್' ತಪ್ಪು.

ಅನುಮಾನ ಬಂದರೆ ನನ್ನನ್ನೂ ನಂಬಬೇಡಿ, ಕಲಿಯುವವರಿಗೆಂದೇ ಮಾಡಿದ ನಿಘಂಟು ನೋಡಿ. ಹಾರ್ನ್‌ಬಿ ಎಂಬ ಮೇಷ್ಟ್ರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಾ ಅಂಥದ್ದೊಂದನ್ನು ಕಟ್ಟಿದರು. 1942ರಲ್ಲಿ ಅಲ್ಲೇ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್‌ನವರು ತಂದರು. ಇವತ್ತಿಗೂ ಅದರಲ್ಲಿ ನಾಮಪದದ ಪಕ್ಕದಲ್ಲೇ ಅದರ ಜೋಡಿ ಸಿಗುತ್ತದೆ.

ಹುಡುಗ ಈಗ ಹಳೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಜೋಡಿಗಳನ್ನು ಬರೆದಿಡುತ್ತಿದ್ದಾನೆ. ನಿನ್ನೆ ಅವನೇ ಕೇಳಿದ. "ಮೇಡಂ, 'ಇಂಟರೆಸ್ಟ್ ಇನ್' ಅಂದ್ರಿ. ಬ್ಯಾಂಕಿನವರು 'ಇಂಟರೆಸ್ಟ್ ಆನ್ ಲೋನ್' ಅಂತಾರಲ್ಲ?"

ಎಷ್ಟು ಖುಷಿಯಾಯಿತು ನನಗೆ! ಆಸಕ್ತಿಯಾದರೆ 'ಇನ್', ಬಡ್ಡಿಯಾದರೆ 'ಆನ್' ಎಂದೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡ.