ನಾವು ಕುಡಿಯುವವರಲ್ಲ, ಶಾಂಪೇನ್ ನೆಲಮಾಳಿಗೆ ನೋಡಲು ಹೋಗಬಹುದೇ?

ಪ್ರಶ್ನೆ: ಮಗಳು ಪ್ಯಾರಿಸ್‌ನಲ್ಲಿ ಓದುತ್ತಿದ್ದಾಳೆ. ನಾವು ಹೋದಾಗ ಒಂದು ದಿನ ಶಾಂಪೇನ್ ತಯಾರಿಸುವ ಹಳೆಯ ಮನೆತನವೊಂದರ ನೆಲಮಾಳಿಗೆ ತೋರಿಸುತ್ತೇನೆ ಅನ್ನುತ್ತಿದ್ದಾಳೆ. ನಮಗಿಬ್ಬರಿಗೂ ಕುಡಿಯುವ ಅಭ್ಯಾಸವಿಲ್ಲ. ಅಷ್ಟು ದೂರ ಹೋಗಿ ನೋಡುವಂಥದ್ದು ಅಲ್ಲೇನಿದೆ?

ಖಂಡಿತ ಹೋಗಿ. ಒಂದು ಗುಟುಕೂ ಕುಡಿಯದೆ ಅರ್ಧ ದಿನ ಕಣ್ತುಂಬ ನೋಡುವಷ್ಟು ನೆಲದಡಿಯಲ್ಲಿದೆ. ಒಂದೇ ಒಂದು ಜಾಗ ಆರಿಸಿಕೊಳ್ಳಬೇಕಾದರೆ ರೀಮ್ಸ್ ನಗರದ ತೇತಾಂಜೆ ಮನೆತನದ ನೆಲಮಾಳಿಗೆಗೆ ಹೋಗಿ ಎನ್ನುತ್ತೇನೆ. ಪ್ಯಾರಿಸ್‌ನ ಪೂರ್ವ ನಿಲ್ದಾಣದಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ರೈಲಿನಲ್ಲಿ 'ರ‍್ಯಾನ್ಸ್' ಎಂದು ಕೂಗಿದರೆ ಗಲಿಬಿಲಿಯಾಗಬೇಡಿ, ಆ ಊರಿನವರು ರೀಮ್ಸನ್ನು ಹೇಳುವುದೇ ಹಾಗೆ.

ರೀಮ್ಸ್ ಇರುವುದು ಈ ವೈನಿಗೆ ಹೆಸರು ಕೊಟ್ಟ ಶಾಂಪೇನ್ ಸೀಮೆಯಲ್ಲಿ. ಅಲ್ಲಿನ ನೆಲ ಬಹುಪಾಲು ಸೀಮೆಸುಣ್ಣ. ನಾವು ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದೆವಲ್ಲ, ಅದೇ ಬಗೆಯ ಮೆತ್ತನೆಯ ಬಿಳಿ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿದ್ದ ಸಮುದ್ರದ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು ಕೂತು ಕೂತು ಆದ ಕಲ್ಲು ಅದು. ಕಟ್ಟಡಗಳಿಗೆಂದು ಆ ಕಲ್ಲನ್ನು ಅಗೆದು ತೆಗೆದ ಗುಂಡಿಗಳೇ ಇಂದಿನ ಮಾಳಿಗೆಗಳು. ತಮ್ಮವು 4ನೇ ಶತಮಾನದ ರೋಮನ್ ಗುಂಡಿಗಳು ಎಂದು ತೇತಾಂಜೆ ಮನೆತನ ಹೇಳುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ನೋಡಿದವರಿಗೆ ಅವುಗಳ ಆಕಾರ ತಟ್ಟನೆ ಗುರುತು ಸಿಗುತ್ತದೆ: ಮೇಲೆ ಬಾಯಿ ಚಿಕ್ಕದು, ಕೆಳಗೆ ಹೊಟ್ಟೆ ದೊಡ್ಡದು. ಮಳೆಯೂ ಹಿಮವೂ ಒಳಗೆ ಬಿದ್ದು ಕಲ್ಲು ಹಾಳಾಗದಿರಲೆಂದು ಹಾಗೆ ಅಗೆದರು. ವ್ಯತ್ಯಾಸವೆಂದರೆ ಇವು ಸುಮಾರು 18 ಮೀಟರ್ ಆಳ. ತಳದಲ್ಲಿ ನಿಂತು ತಲೆ ಎತ್ತಿದರೆ ಬಿಳಿ ಗೋಡೆಗಳು ಮೇಲೆ ಹೋಗುತ್ತಾ ಹತ್ತಿರವಾಗಿ, ತುದಿಯಲ್ಲಿ ಕೈಯಗಲದ ಬೆಳಕು ಕಾಣುತ್ತದೆ.

ಇದೇ ಜಾಗದ ಮೇಲೆ 13ನೇ ಶತಮಾನದಲ್ಲಿ ಸೇಂಟ್ ನಿಕೇಸ್ ಎಂಬ ಕ್ರೈಸ್ತ ಮಠದ ಚರ್ಚ್ ಎದ್ದಿತು. ಫ್ರೆಂಚ್ ಕ್ರಾಂತಿಯ ನಂತರ ಮಠ ಉರುಳಿತು. ನೆಲದಡಿಯಲ್ಲಿ ಅದರ ಮೆಟ್ಟಿಲು, ಕಮಾನುಗಳು ಇನ್ನೂ ಉಳಿದಿವೆ. ಮೊದಲ ಮಹಾಯುದ್ಧದಲ್ಲಿ ರೀಮ್ಸ್ ಮೇಲೆ ವರ್ಷಗಟ್ಟಲೆ ಶೆಲ್ ಬಿದ್ದಾಗ ಊರಿನ ಜನ ಇಂಥ ಮಾಳಿಗೆಗಳಲ್ಲಿ ಸಂಸಾರ ಹೂಡಿದರು, ಮಕ್ಕಳಿಗೆ ಇಲ್ಲೇ ಪಾಠ ನಡೆಯಿತು. ಸೀಮೆಸುಣ್ಣದ ಗೋಡೆಗಳ ನಡುವೆ ಕೂತು ಆ ಮಕ್ಕಳು ಅಕ್ಷರ ಕಲಿತದ್ದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. 2015ರಲ್ಲಿ ಯುನೆಸ್ಕೋ ಶಾಂಪೇನ್ ಸೀಮೆಯ ಗುಡ್ಡಗಳನ್ನೂ ಮಾಳಿಗೆಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ಬಾಟಲಿಗಳು ಅಲ್ಲಿ ಏನು ಮಾಡುತ್ತಿವೆ? ಗೋಲಿಸೋಡಾಕ್ಕೆ ಗ್ಯಾಸನ್ನು ಹೊರಗಿನಿಂದ ತುಂಬುತ್ತಾರೆ. ಶಾಂಪೇನ್‌ಗೆ ಅದು ಬಾಟಲಿಯೊಳಗೇ ಹುಟ್ಟಬೇಕು. ತಯಾರಾದ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಒಂದಿಷ್ಟು ಯೀಸ್ಟ್ ಹಾಕಿ ಮುಚ್ಚಿಡುತ್ತಾರೆ. ಅದು ಎರಡನೇ ಸಲ ಹುದುಗಿ, ಗ್ಯಾಸ್ ಹೊರಗೆ ಹೋಗಲು ದಾರಿಯಿಲ್ಲದೆ ವೈನಿನಲ್ಲೇ ಕರಗುತ್ತದೆ. ಒಳಗಿನ ಒತ್ತಡ ಕಾರಿನ ಟೈರಿನ ಸುಮಾರು ಮೂರು ಪಟ್ಟು. 19ನೇ ಶತಮಾನದಲ್ಲಿ ಬಾಟಲಿಗಳು ಒಂದರ ಹಿಂದೊಂದು ಸಿಡಿಯುತ್ತಿದ್ದುದರಿಂದ ಕೆಲಸಗಾರರು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡೇ ಮಾಳಿಗೆಗೆ ಇಳಿಯುತ್ತಿದ್ದರು.

ಈ ಹುದುಗು ನಿಧಾನವಾದಷ್ಟೂ ಒಳ್ಳೆಯದು. ಮಾಳಿಗೆಯಲ್ಲಿ ಬೇಸಿಗೆ ಚಳಿಗಾಲವೆನ್ನದೆ 10ರಿಂದ 12 ಡಿಗ್ರಿಯ ತಂಪು ಇರುವುದು ಅದಕ್ಕೇ ಹೇಳಿ ಮಾಡಿಸಿದಂತಿದೆ. ಕಾನೂನಿನ ಪ್ರಕಾರ ಸಾಮಾನ್ಯ ಶಾಂಪೇನ್ ಕೂಡ 15 ತಿಂಗಳು ಮಾಳಿಗೆಯಲ್ಲಿರಬೇಕು. ತೇತಾಂಜೆಯವರು ಶಾರ್ಡೊನೆ ದ್ರಾಕ್ಷಿಯೊಂದರಿಂದಲೇ ಮಾಡುವ 'ಕೋಂತ್ ದ ಶಾಂಪೇನ್' ಇಲ್ಲಿ ಎಂಟು ಹತ್ತು ವರ್ಷ ಮಲಗಿರುತ್ತದೆ. ಕೊನೆಗೆ ತಳದಲ್ಲಿ ಕೂತ ಯೀಸ್ಟಿನ ಗಷ್ಟು ತೆಗೆಯಬೇಕಲ್ಲ? ಅದಕ್ಕೆ ಬಾಟಲಿಯನ್ನು ತಲೆಕೆಳಗಾಗಿ ಓರೆ ಇಟ್ಟು, ದಿನಾ ಸ್ವಲ್ಪ ಸ್ವಲ್ಪ ತಿರುಗಿಸಿ, ಗಷ್ಟನ್ನು ಕತ್ತಿಗೆ ಇಳಿಸುತ್ತಾರೆ. ಪಳಗಿದ ಕೈ ದಿನಕ್ಕೆ 40,000 ಬಾಟಲಿ ತಿರುಗಿಸಬಲ್ಲದು. ಈಗ ಬಹುಪಾಲು ಯಂತ್ರದ ಕೆಲಸ. ಆಮೇಲೆ ಕತ್ತನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಷ್ಟು ಮಂಜಿನ ಬಿರಡೆಯಾಗಿ ಹಾರಿಬೀಳುತ್ತದೆ.

ಮನೆತನದ ಮಾತಿಗೆ ಬಂದರೆ, ಈ ವ್ಯಾಪಾರ ಶುರುವಾದದ್ದು 1734ರಲ್ಲಿ, ಜಾಕ್ ಫೂರ್ನೊ ಎಂಬವರಿಂದ. ತೇತಾಂಜೆ ಕುಟುಂಬ ಅದನ್ನು ಕೊಂಡದ್ದು 1932ರಲ್ಲಿ. 2005ರಲ್ಲಿ ಅದು ಅಮೆರಿಕದ ಹೂಡಿಕೆ ಕಂಪನಿಯೊಂದರ ಪಾಲಾಯಿತು. ಪಿಯೆರ್ ಎಮಾನ್ಯುಯೆಲ್ ತೇತಾಂಜೆ ಸುಮ್ಮನೆ ಕೂರಲಿಲ್ಲ. ಸ್ಥಳೀಯ ಬ್ಯಾಂಕಿನ ಬೆಂಬಲದಿಂದ 2006ರಲ್ಲೇ ಮರಳಿ ಕೊಂಡರು. 2020ರಿಂದ ಅವರ ಮಗಳು ವಿತಾಲಿ ಮುನ್ನಡೆಸುತ್ತಿದ್ದಾರೆ. ಹತ್ತು ವರ್ಷ ಕಾದು ಮಾರಬೇಕಾದ ಸರಕಿಗೆ ಇಂಥ ಹಟವಿರುವ ಮನೆಯವರೇ ಬೇಕು ಎಂಬುದು ನನ್ನ ನಂಬಿಕೆ. ನಮ್ಮ ನಂದಿಬೆಟ್ಟದ ಬಳಿ ಗ್ರೋವರ್ ಕುಟುಂಬ ವೈನ್ ದ್ರಾಕ್ಷಿ ಬೆಳೆಸಲು ಹೊರಟಾಗ ದಾರಿ ತೋರಿಸಿದ ಜಾರ್ಜ್ ವೆಸೆಲ್ ಅವರೂ ಈ ಶಾಂಪೇನ್ ಸೀಮೆಯವರೇ.

ಮುಂಗಡವಾಗಿ ಬುಕ್ ಮಾಡಿಸಿ, ಜುಲೈ ತಿಂಗಳಾದರೂ ಸ್ವೆಟರ್ ಒಯ್ಯಿರಿ. ಮೆಟ್ಟಿಲು ಬಹಳ, ಮಂಡಿನೋವಿದ್ದರೆ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಕೊನೆಯಲ್ಲಿ ರುಚಿ ನೋಡಲು ಗ್ಲಾಸ್ ಕೊಡುತ್ತಾರೆ, ಸಂಕೋಚವಿಲ್ಲದೆ ಬೇಡ ಅನ್ನಿ. ಮಾಳಿಗೆಗೆ ಮಧ್ಯಾಹ್ನದ ಸಮಯ ಇಟ್ಟುಕೊಂಡರೆ ಬೆಳಗ್ಗೆ ಫ್ರಾನ್ಸಿನ ರಾಜರ ಪಟ್ಟಾಭಿಷೇಕ ನಡೆಯುತ್ತಿದ್ದ ಕೆಥೆಡ್ರಲ್ ನೋಡಬಹುದು. ಅಲ್ಲಿ ಚಿತ್ರಕಾರ ಷಗಾಲ್ ರಚಿಸಿದ ನೀಲಿ ಗಾಜಿನ ಕಿಟಕಿಗಳು ಪೂರ್ವಕ್ಕಿವೆ, ಎಳೆಬಿಸಿಲು ಬೀಳುವುದು ಆ ಹೊತ್ತಿನಲ್ಲೇ.