ಇದು ಯಾವ ಮಳೆ, ಅಜ್ಜಿ?

ಮರೆವು ಹೆಚ್ಚಾಗಿದೆಯೆಂದು ಹಿರಿಯರನ್ನು ಕರೆತಂದಾಗ ನಾವು ಮನೋವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ಇದು ಯಾವ ಋತು?’ ಎಂಬುದೂ ಒಂದು. 1975ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ, ಇಂದಿಗೂ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಮೂವತ್ತು ಅಂಕಗಳ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಒಂದು ಅಂಕವಿದೆ. ಸೊಂಟದ ಮೂಳೆ ಮುರಿದುಕೊಂಡು ಬೆಂಗಳೂರಿನಲ್ಲಿ ಮಗಳ ಮನೆಯ ಮೂರನೆಯ ಮಹಡಿಯಲ್ಲಿ ನಾಲ್ಕು ತಿಂಗಳಿಂದ ಮಲಗಿದ್ದ ತುಮಕೂರು ಸೀಮೆಯ ಅಜ್ಜಿಯೊಬ್ಬರಿಗೆ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಇದನ್ನು ಕೇಳಿದ್ದು ಒಂದು ಜೂನ್ 25ರಂದು. ತಾರೀಖು ತಪ್ಪಿತ್ತು, ವಾರವೂ ತಪ್ಪಿತ್ತು. ಋತುವಿನ ಪ್ರಶ್ನೆಗೆ ಮಾತ್ರ ಅವರು ನನ್ನನ್ನೇ ಕನಿಕರದಿಂದ ನೋಡಿ, “ತಾರೀಖು ತಗೊಂಡು ನಾನೇನ್ ಮಾಡ್ಲವ್ವ, ಆರಿದ್ರೆ ಹುಟ್ಟಿ ನಾಕ್ ದಿನ ಆಯ್ತಲ್ಲ” ಎಂದರು. ಪಂಚಾಂಗ ನೋಡಿದೆ, ಆರಿದ್ರಾ ಮಳೆಯ ಲೆಕ್ಕ ಸರಿಯಿತ್ತು. ಊರಿನಿಂದ ತಮ್ಮ ಫೋನ್ ಮಾಡಿದಾಗಲೆಲ್ಲ ಅವರು ಮೊದಲು ವಿಚಾರಿಸುತ್ತಿದ್ದುದು ಮಳೆಯನ್ನಂತೆ.

ನಮ್ಮ ರೈತಾಪಿ ಮನೆಗಳ ಋತುಮಾನ ಆರು ಭಾಗದ್ದಲ್ಲ. ಏಪ್ರಿಲ್ ಮಧ್ಯದ ಅಶ್ವಿನಿಯಿಂದ ನವೆಂಬರಿನ ವಿಶಾಖದವರೆಗೆ ಹದಿಮೂರು, ಹದಿನಾಲ್ಕು ದಿನಗಳಿಗೊಮ್ಮೆ ನಕ್ಷತ್ರದ ಹೆಸರಿನ ಒಂದು ಮಳೆ ಹುಟ್ಟುತ್ತದೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಬಂದರೆ ಓಣಿಯೆಲ್ಲ ಜೋಳ ಎಂದು ಒಂದೊಂದಕ್ಕೂ ಒಂದೊಂದು ನಿರೀಕ್ಷೆ ಅಂಟಿಕೊಂಡಿರುತ್ತದೆ. ಅಜ್ಜಿಯ ಕಾಯಿಲೆ ಮರೆವಿಗಿಂತ ಹೆಚ್ಚಾಗಿ ಖಿನ್ನತೆಯಾಗಿತ್ತು. ಖಿನ್ನತೆಯಲ್ಲಿರುವವರು ಬಗೆಬಗೆಯಾಗಿ ಹೇಳುವ ಮಾತು ಒಂದೇ: ಎಲ್ಲ ದಿನವೂ ಒಂದೇ ಥರ, ಮುಂದೆ ನೋಡುವುದಕ್ಕೆ ಏನೂ ಇಲ್ಲ. ಭರವಸೆಯೆಂಬುದನ್ನು ನಾವು ದೊಡ್ಡ ಪದವಾಗಿ ಬಳಸುತ್ತೇವಾದರೂ, ಚಿಕಿತ್ಸೆಯ ಕೋಣೆಯಲ್ಲಿ ಅದರ ಅಳತೆ ಚಿಕ್ಕದು. ಬರುವ ವಾರದಲ್ಲಿ ಎದುರುನೋಡುವಂಥದ್ದು ಏನಾದರೂ ಇದೆಯೇ ಎಂಬುದಷ್ಟೇ.

ಮೊದಲು ಬೆಳಕಿನ ಮಾತು. ಚಳಿಗಾಲದಲ್ಲಿ ಮರುಕಳಿಸುವ ಖಿನ್ನತೆಯನ್ನು 1984ರಲ್ಲಿ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ವಿವರಿಸಿದರು. ಅದು ಮುಖ್ಯವಾಗಿ ಚಳಿಗಾಲದ ಹಗಲು ಎಂಟು ಗಂಟೆಗೆ ಇಳಿಯುವಂಥ ಉತ್ತರದ ನಾಡುಗಳ ಸಮಸ್ಯೆ. ಬೆಂಗಳೂರಿನಲ್ಲಿ ಅತಿ ಉದ್ದದ ಮತ್ತು ಅತಿ ಚಿಕ್ಕ ಹಗಲಿನ ನಡುವೆ ಇರುವುದು ಸುಮಾರು ಒಂದೂವರೆ ಗಂಟೆಯ ಅಂತರ. ನಮ್ಮಲ್ಲಿ ಕತ್ತಲೆ ತರುವುದು ಆಕಾಶವಲ್ಲ, ಕಿಟಕಿಯ ಪರದೆ. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಬೆಳಕಿದ್ದರೆ ದೀಪ ಹಾಕಿದ ಕೋಣೆಯಲ್ಲಿ ಕೆಲವು ನೂರು ಸಿಕ್ಕರೆ ಹೆಚ್ಚು. ದೇಹದ ಗಡಿಯಾರಕ್ಕೆ ಬೆಳಗಿನ ಬೆಳಕಿನ ಗುರುತು ತಪ್ಪಿದಾಗ ಹಗಲು ತೂಕಡಿಕೆ, ರಾತ್ರಿ ಎಚ್ಚರ ಶುರುವಾಗುತ್ತವೆ. ಧೂಳಿಗೆ ಹೆದರಿ ಸದಾ ಮುಚ್ಚಿರುತ್ತಿದ್ದ ಕಿಟಕಿಯನ್ನು ತೆರೆಸಿ, ಅಜ್ಜಿಯ ಮಂಚವನ್ನು ಪೂರ್ವದ ಬಾಲ್ಕನಿಯ ಕಡೆಗೆ ಸರಿಸಲು ಹೇಳಿದೆ. ಮಾತ್ರೆಗಳನ್ನೂ ಬರೆದುಕೊಟ್ಟೆ. ಎರಡು ವಾರ ಮೀರಿ ಬೇಸರ, ನಿದ್ರೆಗೇಡು, ಊಟ ಸೇರದಿರುವಿಕೆ ಮುಂದುವರಿದರೆ ವೈದ್ಯರನ್ನು ಕಾಣಲೇಬೇಕು, ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ ಸಿಗುತ್ತದೆ.

ಬಣ್ಣಕ್ಕಾಗಿ ಗೋಡೆಗೆ ಹೂವಿನ ಚಿತ್ರ ಅಂಟಿಸುವವರಿದ್ದಾರೆ. ಅಂಟಿಸಿದ ಹೂ ಬಾಡುವುದಿಲ್ಲ, ಆದ್ದರಿಂದಲೇ ನಾಲ್ಕನೆಯ ದಿನಕ್ಕೆ ಅದು ಕಣ್ಣಿಗೆ ಬೀಳುವುದಿಲ್ಲ. ತನ್ನ ಸಮಯಕ್ಕೆ ಬಂದು ಹೋಗುವ ವಸ್ತು ಬೇಕು: ಯುಗಾದಿಯ ಬೇವಿನ ಹೂ, ಮುಂಗಾರಿನಲ್ಲಿ ನಾಲಗೆಗೆ ಬಣ್ಣ ಹಚ್ಚುವ ನೇರಳೆ, ಮಾರ್ಗಶಿರದಲ್ಲಿ ಸೊಗಡಿನ ಅವರೆಕಾಯಿ. ಒಂದು ಮೊರ ಅವರೆಕಾಯಿ ಬಿಡಿಸಲು ಕೊಟ್ಟರೆ ಮಲಗಿದವರ ಕೈಗೆ ಕೆಲಸವೂ ಮೂಗಿಗೆ ಋತುವೂ ಒಟ್ಟಿಗೆ ಸಿಗುತ್ತವೆ.

ನಾನು ಹೆಚ್ಚಾಗಿ ಸೂಚಿಸುವುದು ನಾವು ಮನೆಗಳಲ್ಲಿ ಬ್ರಹ್ಮಕಮಲವೆನ್ನುವ ಗಿಡವನ್ನು. ಹಿಮಾಲಯದ ಬ್ರಹ್ಮಕಮಲವೇ ಬೇರೆ. ಇದು ಅಮೆರಿಕ ಖಂಡದ ಕಾಡುಗಳಿಂದ ಬಂದ ಕಳ್ಳಿಯ ಜಾತಿ, ಒಂದು ಎಲೆ ನೆಟ್ಟರೆ ಚಿಗುರುತ್ತದೆ, ಹೂವಿಗೆ ಮಾತ್ರ ವರ್ಷಗಳ ತಾಳ್ಮೆ ಬೇಕು. ಹಾಗಾಗಿ ಅಜ್ಜಿಗೆ ನೆರೆಮನೆಯವರ ಬೆಳೆದ ಕುಂಡವನ್ನೇ ಕಡ ತಂದರು. ಎಲೆಯಂಚಿನಲ್ಲಿ ಕಡಲೆಯಷ್ಟು ಕಾಣುವ ಮೊಗ್ಗು ದಿನೇ ದಿನೇ ಉದ್ದವಾಗಿ, ಕತ್ತು ಬಗ್ಗಿಸಿ ಮತ್ತೆ ತಲೆಯೆತ್ತಿ, ಒಂದು ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಜೋತುಬೀಳುತ್ತದೆ. ಯಾವ ರಾತ್ರಿ ಎಂಬ ಊಹೆಯಲ್ಲಿ ಮನೆಮಂದಿಯೆಲ್ಲ ಭಾಗಿಗಳಾಗುತ್ತಾರೆ, ಅಕ್ಕಪಕ್ಕದವರಿಗೂ ಕರೆ ಹೋಗುತ್ತದೆ. ಯಾರೂ ಬಾರದ ಕೋಣೆಗೆ ಜನ ಬರುವುದು ಹೂವಿನಷ್ಟೇ ದೊಡ್ಡ ಔಷಧವೆಂದು ನನ್ನ ಅನುಭವ.

ಋತುಗಳು ಎಲ್ಲರಿಗೂ ಹಿತವನ್ನೇ ತರುವುದಿಲ್ಲ. ಪತ್ನಿಯನ್ನು ಕಳೆದುಕೊಂಡ ಹಿರಿಯರೊಬ್ಬರು ಮಾವಿನ ಮಿಡಿ ಮಾರುಕಟ್ಟೆಗೆ ಬಂದ ವಾರವೇ ಕುಸಿದಿದ್ದರು, ಏಕೆಂದರೆ ಪತ್ನಿ ಹಾಕಿದ ಕೊನೆಯ ಉಪ್ಪಿನಕಾಯಿಯ ಭರಣಿ ಇನ್ನೂ ಅಟ್ಟದ ಮೇಲಿತ್ತು. ಅಂಥವರನ್ನು ಹಬ್ಬದ ಗದ್ದಲಕ್ಕೆ ಎಳೆಯುವುದು ಕ್ರೌರ್ಯ. ಯಾವ ತಿಂಗಳು ಕಷ್ಟವಾಗಬಹುದೆಂದು ಮೊದಲೇ ಲೆಕ್ಕ ಹಾಕಿ, ಆ ವಾರ ಯಾರಾದರೂ ಜೊತೆಗಿರುವಂತೆ ಏರ್ಪಾಡು ಮಾಡಿದರೆ ಸಾಕು.

ಅಜ್ಜಿಯ ಮೊಮ್ಮಗಳು ಗೋಡೆಯ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಪದ ಬರೆಯುತ್ತಿದ್ದಳು: ಮೊಗ್ಗು, ತುಂತುರು, ಕುರ್ಚಿ. ಸ್ವಾತಿ ಮಳೆಯ ಹೊತ್ತಿಗೆ ಹಾಳೆಗಳನ್ನು ಹಿಂದಕ್ಕೆ ತಿರುವಿದ ಅಜ್ಜಿ, ‘ಕುರ್ಚಿ’ ಎಂದಿದ್ದ ದಿನದ ಮೇಲೆ ಬೆರಳಿಟ್ಟು, ಅಂದು ತಾನು ಮೊದಲ ಸಲ ಎದ್ದು ಕೂತದ್ದೆಂದು ತಾನಾಗಿಯೇ ಹೇಳಿದರು. ನಡಿಗೆ ಪೂರ್ತಿ ಮರಳಿರಲಿಲ್ಲ, ನಿದ್ರೆ ಮರಳಿತ್ತು. ಈಗ ನನ್ನ ಪರೀಕ್ಷೆಯ ಹಾಳೆಯ ಅಂಚಿನಲ್ಲಿ ಆಯಾ ಪಕ್ಷದ ಮಳೆಯ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿರುತ್ತೇನೆ. ಆ ಹೆಸರು ಹೇಳಿದವರಿಗೂ ಒಂದು ಅಂಕ ಪೂರ್ತಿ ಕೊಡುತ್ತೇನೆ.