ತೆರಿಗೆ ಇಳಿದಷ್ಟೂ ಇಂಟರ್ನೆಟ್ ಬಿಲ್ಲು ಇಳಿಯುವುದಿಲ್ಲ, ಯಾಕೆ?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದವು. 32 ಇಂಚಿಗಿಂತ ದೊಡ್ಡ ಟಿವಿಗೆ ಶೇ 28 ಇದ್ದದ್ದು ಶೇ 18 ಆಯಿತು. ಆ ಟಿವಿಗೆ ಸಿನಿಮಾ ತಂದುಕೊಡುವ ಇಂಟರ್ನೆಟ್‌ಗೆ ಮಾತ್ರ ಮೊದಲಿದ್ದ ಶೇ 18 ಹಾಗೇ ಉಳಿಯಿತು. ಎಲ್ಲದರ ತೆರಿಗೆ ಇಳಿಯಿತಂತೆ, ವೈಫೈ ಬಿಲ್ಲು ಯಾಕೆ ಇಳಿಯಲಿಲ್ಲ ಎಂದು ಆಗ ಬಹಳ ಮಂದಿ ಕೇಳಿದರು. ಆ ಪಟ್ಟಿಯಲ್ಲಿ ಇಂಟರ್ನೆಟ್ ಇರಲೇ ಇಲ್ಲ, ಉತ್ತರ ಅಷ್ಟೇ. ಅದಕ್ಕಿಂತ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಇದ್ದಿದ್ದರೆ ಎಷ್ಟು ಇಳಿಯುತ್ತಿತ್ತು? ಬಹುತೇಕರು ಅಂದುಕೊಂಡಷ್ಟು ಖಂಡಿತ ಇಲ್ಲ.

ಒಂದು ಬಿಲ್ಲು ಎದುರಿಗಿಟ್ಟುಕೊಳ್ಳೋಣ. ಪ್ಲಾನ್ ದರ ₹699. ಅದರ ಕೆಳಗೆ ಕೇಂದ್ರದ ಪಾಲಾದ ಸಿಜಿಎಸ್‌ಟಿ ಶೇ 9 ಎಂದು ₹62.91, ರಾಜ್ಯದ ಪಾಲಾದ ಎಸ್‌ಜಿಎಸ್‌ಟಿ ಶೇ 9 ಎಂದು ಇನ್ನೊಂದು ₹62.91. ಒಟ್ಟು ₹824.82. ಪಕ್ಕದಲ್ಲಿ 9984ರಿಂದ ಶುರುವಾಗುವ ಒಂದು ಸಂಖ್ಯೆ ಇರುತ್ತದೆ, ಅದು ಯಾವ ಸೇವೆ ಎಂದು ಗುರುತಿಸುವ ಎಸ್‌ಎಸಿ ಕೋಡ್. ವೈರ್ ಎಳೆದು ಕೊಟ್ಟ ಸಂಪರ್ಕಕ್ಕೆ ತೆರಿಗೆ ಯಾವ ರಾಜ್ಯದ್ದು ಎಂಬುದನ್ನು ಆ ವೈರ್ ಇರುವ ಜಾಗ ತೀರ್ಮಾನಿಸುತ್ತದೆ. ಹಾಗಾಗಿ ಹುಬ್ಬಳ್ಳಿಯ ಮನೆಯ ಬಿಲ್ಲಿನ ಎಸ್‌ಜಿಎಸ್‌ಟಿ ಬರುವುದು ಕರ್ನಾಟಕದ ಖಜಾನೆಗೇ.

ಶೇ 18 ಇದ್ದದ್ದು ಶೇ 5 ಆದರೆ ಬಿಲ್ಲು ಶೇ 13ರಷ್ಟು ಇಳಿಯುತ್ತದೆ ಎನ್ನುವುದು ಸಾಮಾನ್ಯ ತಪ್ಪು. ₹699ಕ್ಕೆ ಶೇ 5 ಸೇರಿಸಿದರೆ ₹733.95. ಉಳಿತಾಯ ₹90.87. ನೀವು ಕೊಡುತ್ತಿದ್ದದ್ದು ₹824.82 ಆದ್ದರಿಂದ ಇಳಿಕೆ ಶೇ 11ರಷ್ಟು. ಶೇ 12ಕ್ಕೆ ಇಳಿದರೆ ₹782.88, ಅಂದರೆ ಶೇ 5ರಷ್ಟು ಉಳಿತಾಯ. ತೆರಿಗೆಯ ಲೆಕ್ಕ ಮೂಲ ದರದ ಮೇಲೆ, ನಿಮ್ಮ ಜೇಬಿನ ಲೆಕ್ಕ ಒಟ್ಟು ಮೊತ್ತದ ಮೇಲೆ. ಇದಿಷ್ಟೂ ಕಂಪನಿ ಮೂಲ ದರವನ್ನು ಮುಟ್ಟದಿದ್ದರೆ ಮಾತ್ರ.

ಈ ‘ಮುಟ್ಟದಿದ್ದರೆ’ಯಲ್ಲಿ ಎರಡು ಬಗೆಯ ಪ್ಲಾನ್‌ಗಳು ಬೇರೆಬೇರೆಯಾಗಿ ನಡೆದುಕೊಳ್ಳುತ್ತವೆ. ಫೈಬರ್ ಪ್ಲಾನ್‌ಗಳು ಸಾಮಾನ್ಯವಾಗಿ ‘₹699 + ಜಿಎಸ್‌ಟಿ’ ಎಂದು ಮಾರಾಟವಾಗುತ್ತವೆ. ಇಲ್ಲಿ ತೆರಿಗೆ ಇಳಿದರೆ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಸಂಖ್ಯೆ ಬದಲಾಗುತ್ತದೆ, ಮುಂದಿನ ಬಿಲ್ಲು ತಾನಾಗಿಯೇ ಕಡಿಮೆ ಬರುತ್ತದೆ. ಮೊಬೈಲ್ ಪ್ರಿಪೇಯ್ಡ್ ರೀಚಾರ್ಜ್ ಹಾಗಲ್ಲ. ₹299ರ ರೀಚಾರ್ಜ್‌ನಲ್ಲಿ ತೆರಿಗೆ ಒಳಗೇ ಇದೆ: ಮೂಲ ದರ ₹253.39, ಜಿಎಸ್‌ಟಿ ₹45.61. ತೆರಿಗೆ ಶೇ 12 ಆದರೆ ಅದೇ ರೀಚಾರ್ಜ್ ₹283.80 ಆಗಬೇಕು. ಆದರೆ ₹299 ಎನ್ನುವುದು ಬಾಯಿಪಾಠವಾಗಿರುವ ದರ. ಅದನ್ನು ಹಾಗೇ ಉಳಿಸಿಕೊಂಡು ಒಂದೆರಡು ದಿನದ ವ್ಯಾಲಿಡಿಟಿ ಸೇರಿಸಿ ‘ಲಾಭ ಗ್ರಾಹಕರಿಗೇ’ ಎನ್ನುವುದು ಕಂಪನಿಗೆ ಸುಲಭದ ದಾರಿ. ದರ ನಿಗದಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಬಹುಮಟ್ಟಿಗೆ ಕಂಪನಿಗಳಿಗೇ ಬಿಟ್ಟಿರುವುದರಿಂದ ಅದನ್ನು ತಡೆಯುವುದೂ ಕಷ್ಟ.

ಏರುವಾಗ ಇಂಥ ಗೊಂದಲ ಯಾವುದೂ ಇರುವುದಿಲ್ಲ, ಗಮನಿಸಿ. ಜಿಎಸ್‌ಟಿಗೆ ಮೊದಲಿದ್ದ ಸೇವಾ ತೆರಿಗೆ 2015ರ ಜೂನ್‌ನಲ್ಲಿ ಶೇ 12.36ರಿಂದ 14 ಆಯಿತು. ಅದೇ ನವೆಂಬರ್‌ನಲ್ಲಿ ಸ್ವಚ್ಛ ಭಾರತ ಸೆಸ್ ಸೇರಿ 14.5, 2016ರ ಜೂನ್‌ನಲ್ಲಿ ಕೃಷಿ ಕಲ್ಯಾಣ ಸೆಸ್ ಸೇರಿ 15, 2017ರ ಜುಲೈ 1ಕ್ಕೆ ಜಿಎಸ್‌ಟಿ 18. ಮೂಲ ದರ ₹1,000 ಇದ್ದ ಬಿಲ್ಲು ಎರಡು ವರ್ಷದಲ್ಲಿ ₹1,123.60ರಿಂದ ₹1,180ಕ್ಕೆ ಹತ್ತಿತು, ಗ್ರಾಹಕ ಕೇಳುವ ಮೊದಲೇ.

ಇನ್ನು ಈ ವಿಷಯದ ತಿರುಳು: ಇನ್‌ಪುಟ್ ಕ್ರೆಡಿಟ್. ಇಂಟರ್ನೆಟ್ ಕೊಡುವವನು ಡೇಟಾ ಸಾಗಿಸುವ ಸಾಮರ್ಥ್ಯ, ಅಂದರೆ ಬ್ಯಾಂಡ್‌ವಿಡ್ತ್ ಕೊಳ್ಳುತ್ತಾನೆ, ಫೈಬರ್ ಕೇಬಲ್ ಕೊಳ್ಳುತ್ತಾನೆ, ಫೈಬರ್ ಬಂದು ಸೇರುವ, ನಿಮ್ಮ ಗೋಡೆಗೆ ಹಾಕುವ ಓಎನ್‌ಟಿ ಡಬ್ಬಿ ಕೊಳ್ಳುತ್ತಾನೆ, ಕಂಬದ ಬಾಡಿಗೆ ಕಟ್ಟುತ್ತಾನೆ, ಸರ್ಕಾರಕ್ಕೆ ಕೊಡುವ ಲೈಸೆನ್ಸ್ ಶುಲ್ಕದ ಮೇಲೆ ರಿವರ್ಸ್ ಚಾರ್ಜ್‌ನಲ್ಲಿ (ಮಾರುವವರ ಬದಲು ಕೊಳ್ಳುವವರೇ ತೆರಿಗೆ ಕಟ್ಟುವ ಪದ್ಧತಿ) ತಾನೇ ಜಿಎಸ್‌ಟಿ ತುಂಬುತ್ತಾನೆ. ಹೀಗೆ ಕಟ್ಟಿದ ತೆರಿಗೆಯನ್ನು ನಿಮ್ಮಿಂದ ವಸೂಲಿ ಮಾಡಿದ ತೆರಿಗೆಯಲ್ಲಿ ಕಳೆದು, ಉಳಿದದ್ದನ್ನು ಸರ್ಕಾರಕ್ಕೆ ಕಟ್ಟುತ್ತಾನೆ. ಹೀಗೆ ಕಳೆದುಕೊಳ್ಳುವುದೇ ಇನ್‌ಪುಟ್ ಕ್ರೆಡಿಟ್. ಕರೆಂಟು, ಡೀಸೆಲ್, ಸಂಬಳಕ್ಕೆ ಜಿಎಸ್‌ಟಿ ಇಲ್ಲ, ಆದ್ದರಿಂದ ಅವುಗಳ ಮೇಲೆ ಕ್ರೆಡಿಟ್ಟೂ ಇಲ್ಲ.

ಲೆಕ್ಕಕ್ಕೆಂದು, ₹699ರ ಪ್ಲಾನ್ ಹಿಂದೆ ಜಿಎಸ್‌ಟಿ ಬೀಳುವ ಖರೀದಿ ₹350 ಇದೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಕಟ್ಟಿದ ತೆರಿಗೆ ₹63. ನಿಮ್ಮಿಂದ ₹125.82 ಬಂತು, ₹63 ಕಳೆದು ₹62.82 ಸರ್ಕಾರಕ್ಕೆ ಹೋಯಿತು. ಈಗ ಇಂಟರ್ನೆಟ್‌ಗೆ ತೆರಿಗೆಯೇ ಬೇಡ ಎಂದು ವಿನಾಯಿತಿ ಕೊಟ್ಟರು ಎನ್ನಿ. ವಿನಾಯಿತಿ ಇರುವ ಸೇವೆಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಆ ₹63 ಅವನ ಖರ್ಚಾಗಿ ಬಿಡುತ್ತದೆ. ಮೊದಲಿನಷ್ಟೇ ಉಳಿಸಿಕೊಳ್ಳಬೇಕೆಂದರೆ ಅವನು ₹762 ಕೇಳಬೇಕು. ಕಾಗದದ ಮೇಲೆ ತೆರಿಗೆ ಸೊನ್ನೆ, ಆದರೂ ಬಿಲ್ಲು ₹699ಕ್ಕೆ ಬರಲಿಲ್ಲ.

ಹಾಗಾದರೆ ವಿನಾಯಿತಿ ಬೇಡ, ಕ್ರೆಡಿಟ್ ಉಳಿಸಿ ಶೇ 5 ಮಾಡಿದರೆ? ಆಗ ನಿಮ್ಮಿಂದ ಬರುವ ತೆರಿಗೆ ₹34.95, ಅವನು ಆಗಲೇ ಕಟ್ಟಿರುವುದು ₹63. ಪ್ರತಿ ತಿಂಗಳು ₹28.05 ಅವನ ಲೆಡ್ಜರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಂಡದ್ದಕ್ಕೆ ಹೆಚ್ಚು ತೆರಿಗೆ, ಮಾರಿದ್ದಕ್ಕೆ ಕಡಿಮೆ ತೆರಿಗೆ ಎನ್ನುವಾಗ ವಾಪಸ್ ಕೇಳಲು ಕಾನೂನಿನಲ್ಲಿ ಅವಕಾಶ ಇದೆ ನಿಜ. ಆದರೆ ಜಿಎಸ್‌ಟಿ ನಿಯಮ 89(5)ರ ಸೂತ್ರ ಸರಕಿನ ಮೇಲಿನ ತೆರಿಗೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ, ಸೇವೆ ಮತ್ತು ಬಂಡವಾಳ ಸಾಮಗ್ರಿಯ ಮೇಲಿನದನ್ನು ಬಿಡುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬ್ಯಾಂಡ್‌ವಿಡ್ತ್ ಸೇವೆ. ಲೈಸೆನ್ಸ್ ಸೇವೆ. ಪುಸ್ತಕದಲ್ಲಿ ಆಸ್ತಿಯೆಂದು ಬರೆದ ಯಂತ್ರ ಬಂಡವಾಳ ಸಾಮಗ್ರಿ. ಇಂಟರ್ನೆಟ್ ವ್ಯವಹಾರದ ಖರೀದಿಯಲ್ಲಿ ಮುಕ್ಕಾಲು ಪಾಲು ಇವೇ ಆದರೆ ವಾಪಸ್ ಬರುವುದೇನು?

ವಾಪಸ್ ಏನೂ ಬರದಿದ್ದರೆ ಶೇ 5ರಲ್ಲೂ ಅವನು ಕೇಳಬೇಕಾದದ್ದು ಅದೇ ₹762. ಈ ಉದಾಹರಣೆಯಲ್ಲಿ ₹699ಕ್ಕೆ ₹63 ಅಂದರೆ ಶೇ 9. ತೆರಿಗೆ ಶೇ 18ರಿಂದ 9ರವರೆಗೆ ಇಳಿಯುವಾಗ ಪ್ರತಿ ಪೈಸೆಯೂ ಮನೆಗೆ ತಲುಪಬಹುದು, ಅದರ ಕೆಳಗೆ ಎಷ್ಟು ಇಳಿಸಿದರೂ ಬಿಲ್ಲು ಅಲ್ಲೇ ನಿಲ್ಲುತ್ತದೆ. ಖರೀದಿ ಹೆಚ್ಚಿರುವ, ಬೇರೆಯವರಿಂದ ಬ್ಯಾಂಡ್‌ವಿಡ್ತ್ ಪಡೆದು ಹಂಚುವ ಸಣ್ಣ ಕಂಪನಿಗೆ ಈ ಗೆರೆ ಇನ್ನೂ ಮೇಲಿರುತ್ತದೆ. ಸ್ವಂತ ಜಾಲ ಇರುವ ದೊಡ್ಡವರಿಗೆ, ಜಾಲ ಕಟ್ಟಿ ಮುಗಿದ ಮೇಲೆ, ಕೆಳಗಿರುತ್ತದೆ. ಆದ್ದರಿಂದ ‘ಇಂಟರ್ನೆಟ್‌ಗೆ ಜಿಎಸ್‌ಟಿ ಬೇಡ’ ಎಂಬ ಬೇಡಿಕೆಗಿಂತ ‘ಶೇ 12 ಮಾಡಿ, ಕ್ರೆಡಿಟ್ ಮುಟ್ಟಬೇಡಿ’ ಎಂಬುದು ಮನೆಯವರಿಗೂ ಊರಿನ ಕೇಬಲ್‌ನವರಿಗೂ ಹೆಚ್ಚು ಗಟ್ಟಿ. ಕ್ರೆಡಿಟ್ ಕಿತ್ತುಕೊಂಡು ದರ ಇಳಿಸಿದಾಗ ಏನಾಗುತ್ತದೆ ಎಂಬುದನ್ನು 2017ರ ನವೆಂಬರ್ 15ರಂದು ಹೋಟೆಲ್‌ಗಳ ತೆರಿಗೆ ಶೇ 5 ಆದಾಗ ನೋಡಿದ್ದೇವೆ: ಎಷ್ಟೋ ಕಡೆ ಮೆನು ಕಾರ್ಡಿನ ದರವೇ ಮೇಲೇರಿತು, ಬಿಲ್ಲು ಹೆಚ್ಚುಕಮ್ಮಿ ಅಲ್ಲೇ ಉಳಿಯಿತು.

ತೆರಿಗೆ ನಿಜವಾಗಿಯೂ ಇಳಿದರೆ ಮೊದಲು ಜಗಳ ಆಗುವುದು ತಾರೀಕಿನ ಮೇಲೆ. ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 14 ಮೂರು ದಿನಗಳನ್ನು ನೋಡುತ್ತದೆ: ಸೇವೆ ಕೊಟ್ಟ ದಿನ, ಇನ್‌ವಾಯ್ಸ್ ಹಾಕಿದ ದಿನ, ಹಣ ಬಂದ ದಿನ. ಮೂರರಲ್ಲಿ ಎರಡು ಯಾವ ಕಡೆ ಬೀಳುತ್ತವೋ ಆ ಕಡೆಯ ದರ. ಅಕ್ಟೋಬರ್ 1ರಿಂದ ದರ ಇಳಿಯಿತು ಎನ್ನಿ. ಸೆಪ್ಟೆಂಬರ್ ಬಳಕೆಗೆ 25ರಂದೇ ಇನ್‌ವಾಯ್ಸ್ ಬಂದು, ನೀವು ಅಕ್ಟೋಬರ್ 10ಕ್ಕೆ ಕಟ್ಟಿದರೆ ಹಳೆಯ ದರ. ಅದೇ ಬಳಕೆಗೆ ಇನ್‌ವಾಯ್ಸ್ ಅಕ್ಟೋಬರ್ 2ರಂದು ಬಂದು 10ಕ್ಕೆ ಕಟ್ಟಿದರೆ ಹೊಸ ದರ, ಬಳಸಿದ್ದು ಸೆಪ್ಟೆಂಬರ್‌ನಲ್ಲೇ ಆದರೂ. ಅಕ್ಟೋಬರ್ ತಿಂಗಳಿಗೆ ಸೆಪ್ಟೆಂಬರ್ 28ರಂದು ಮುಂಗಡ ಇನ್‌ವಾಯ್ಸ್ ಬಂದಿದ್ದು, ಹಣ 3ನೇ ತಾರೀಕು ಹೋದರೆ ಅದೂ ಹೊಸ ದರ. ಹಳೆಯ ದರ ಹಾಕಿದ್ದರೆ ಕಂಪನಿ ಕ್ರೆಡಿಟ್ ನೋಟ್ (ಇನ್‌ವಾಯ್ಸ್‌ನ ಮೊತ್ತ ಇಳಿಸುವ ಚೀಟಿ) ಕೊಟ್ಟು ಸರಿಪಡಿಸಬೇಕು. ಹಣ ಬಂದ ದಿನ ಎಂದರೆ ಪುಸ್ತಕದಲ್ಲಿ ಬರೆದದ್ದು, ಬ್ಯಾಂಕಿಗೆ ಜಮೆಯಾದದ್ದು ಇವೆರಡರಲ್ಲಿ ಮೊದಲನೆಯದು. ಆದರೆ ದರ ಬದಲಾಗಿ ನಾಲ್ಕು ಕೆಲಸದ ದಿನ ಕಳೆದ ಮೇಲೆ ಬ್ಯಾಂಕಿಗೆ ಬಂದರೆ ಬ್ಯಾಂಕಿನ ದಿನವೇ ಲೆಕ್ಕ.

ವರ್ಷದ ಪ್ಲಾನ್ ಕಟ್ಟಿದವರು ಇಲ್ಲಿ ಸೋಲುತ್ತಾರೆ. ಸೆಪ್ಟೆಂಬರ್ 20ಕ್ಕೆ ಹಣವೂ ಹೋಗಿ ಇನ್‌ವಾಯ್ಸೂ ಬಂದಿದ್ದರೆ, ಮುಂದಿನ ಹನ್ನೆರಡು ತಿಂಗಳಿಗೂ ಹಳೆಯ ದರವೇ. ₹699ರ ಪ್ಲಾನ್‌ಗೆ ವರ್ಷಕ್ಕೆ ₹8,388. ಶೇ 18ರಲ್ಲಿ ತೆರಿಗೆ ₹1,509.84, ಶೇ 12ರಲ್ಲಿ ₹1,006.56. ನಷ್ಟ ₹503.28. ಹಾಗೆಂದು ತೆರಿಗೆ ಇಳಿಯುವ ಸುದ್ದಿ ಕೇಳಿ ವರ್ಷದ ಪ್ಲಾನ್ ಬಿಟ್ಟುಬಿಡಬೇಕಿಲ್ಲ. ವರ್ಷಕ್ಕೆ ಕಟ್ಟಿದವರಿಗೆ ಒಂದು ತಿಂಗಳು ಉಚಿತ ಎನ್ನುವ ಕೊಡುಗೆ ಇದ್ದರೆ ಅದರ ಬೆಲೆಯೇ ಈ ₹503ಕ್ಕಿಂತ ಹೆಚ್ಚು. ಕೊಡುಗೆ ಇಲ್ಲದಿದ್ದರೆ, ತೆರಿಗೆ ದರ ತೀರ್ಮಾನಿಸುವ ಜಿಎಸ್‌ಟಿ ಮಂಡಳಿಯ ಸಭೆ ಹತ್ತಿರ ಇರುವಾಗ ತಿಂಗಳು ತಿಂಗಳು ಕಟ್ಟಿಕೊಂಡು ಹೋಗುವುದು ಜಾಣತನ.

ಒಟಿಟಿ ಸೇರಿಸಿ ಒಂದೇ ಬೆಲೆಗೆ ಕೊಡುವ ಪ್ಲಾನ್‌ಗಳಲ್ಲಿ ಇನ್ನೊಂದು ಗಂಟಿದೆ. ಈಗ ಎರಡಕ್ಕೂ ಶೇ 18 ಇರುವುದರಿಂದ ಯಾರೂ ತಲೆಕೆಡಿಸಿಕೊಳ್ಳುತ್ತಿಲ್ಲ. ಇಂಟರ್ನೆಟ್‌ಗೆ ಮಾತ್ರ ಇಳಿಸಿದರೆ, ಇದು ‘ಮಿಶ್ರ ಪೂರೈಕೆ’ ಎಂದು ಅಧಿಕಾರಿ ವಾದಿಸಬಹುದು. ಮಿಶ್ರ ಪೂರೈಕೆಗೆ ಒಳಗಿರುವುದರಲ್ಲಿ ಅತಿ ಹೆಚ್ಚಿನ ದರ ಯಾವುದೋ ಅದೇ ಇಡೀ ಮೊತ್ತಕ್ಕೆ. ಒಟಿಟಿಯ ಶೇ 18 ಇಂಟರ್ನೆಟ್ಟಿಗೂ ಅಂಟಿಕೊಳ್ಳುತ್ತದೆ.

ಇಂಟರ್ನೆಟ್ ತೆರಿಗೆ ಇಳಿಯುವುದು ಅಮೆರಿಕದಲ್ಲಿ ಕಲ್ಪನೆಯಲ್ಲ, ನಡೆದ ಸಂಗತಿ. ಅಲ್ಲಿ ಇಂಟರ್ನೆಟ್ ಸಂಪರ್ಕಕ್ಕೆ ರಾಜ್ಯಗಳು ತೆರಿಗೆ ಹಾಕಬಾರದೆಂಬ ಕಾನೂನು 1998ರಲ್ಲಿ ಬಂತು, 2016ರಲ್ಲಿ ಕಾಯಂ ಆಯಿತು. ಮೊದಲಿನಿಂದ ತೆರಿಗೆ ಹಾಕುತ್ತಿದ್ದ ಕೆಲವು ರಾಜ್ಯಗಳಿಗೆ ಕೊಟ್ಟಿದ್ದ ರಿಯಾಯಿತಿ 2020ರ ಜೂನ್ 30ಕ್ಕೆ ಮುಗಿಯಿತು. ಟೆಕ್ಸಾಸ್ ಅವುಗಳಲ್ಲೊಂದು. ಡಲ್ಲಾಸ್, ಆಸ್ಟಿನ್ ಕಡೆಯ ಕನ್ನಡಿಗರು 2020ರ ಆ ಬೇಸಿಗೆಯ ಹಳೆಯ ಬಿಲ್ಲು ತೆಗೆದು ನೋಡಿದರೆ ಕಾಣುತ್ತದೆ: ತಿಂಗಳಿಗೆ ಮೊದಲ 25 ಡಾಲರ್‌ಗೆ ತೆರಿಗೆ ಇರಲಿಲ್ಲ, ಉಳಿದದ್ದಕ್ಕೆ ರಾಜ್ಯ ಮತ್ತು ಸ್ಥಳೀಯ ತೆರಿಗೆ ಸೇರಿ ಗರಿಷ್ಠ ಶೇ 8.25. 65 ಡಾಲರ್ ಬಿಲ್ಲಿಗೆ 40ರ ಮೇಲೆ 3.30 ಡಾಲರ್. ಜುಲೈ 1ರಿಂದ ಅದು ಹೋಯಿತು. ಅಲ್ಲಿ ಸೇಲ್ಸ್ ಟ್ಯಾಕ್ಸ್ ಯಾವಾಗಲೂ ಬೆಲೆಯ ಮೇಲೆ ಬೇರೆ ಸಾಲಾಗಿ ಬರುವುದರಿಂದ ಇಳಿಕೆ ಕಣ್ಣಿಗೆ ಬೀಳುತ್ತದೆ. ಅದೇ ಬಿಲ್ಲಿನಲ್ಲಿದ್ದ ಕೇಬಲ್ ಟಿವಿಯ ತೆರಿಗೆ ಮಾತ್ರ ಅಲ್ಲಾಡಲಿಲ್ಲ.

ನಮ್ಮ ಕಡೆಯ ಒಂದು ಸ್ವಾರಸ್ಯವೂ ಇದೆ. ಜಿಎಸ್‌ಟಿಗೆ ಮೊದಲು ಸರಕಿನ ಮಾರಾಟಕ್ಕೆ ರಾಜ್ಯಗಳು ವ್ಯಾಟ್ ಹಾಕುತ್ತಿದ್ದ ಕಾಲದಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ, ಫೈಬರ್ ಕೇಬಲ್ ಒಳಗೆ ಓಡುವ ಬೆಳಕು ಒಂದು ಸರಕು, ಕಂಪನಿ ಅದನ್ನು ಗ್ರಾಹಕರಿಗೆ ಮಾರುತ್ತಿದೆ, ಆದ್ದರಿಂದ ವ್ಯಾಟ್ ಕಟ್ಟಬೇಕು ಎಂದು ನೋಟಿಸ್ ಕೊಟ್ಟಿತ್ತು. ಹೈಕೋರ್ಟ್‌ನ ವಿಭಾಗೀಯ ಪೀಠ 2011ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಒಪ್ಪಿದ್ದರೆ ಮನೆಯ ಬಿಲ್ಲಿನಲ್ಲಿ ಸೇವಾ ತೆರಿಗೆಯ ಜೊತೆ ಬೆಳಕಿನ ತೆರಿಗೆಯ ಸಾಲೂ ಇರುತ್ತಿತ್ತು.

ತೆರಿಗೆ ಇಳಿಯುವವರೆಗೆ ಕಾಯದೆ ಇವತ್ತೇ ನೋಡಬಹುದಾದದ್ದು, ನಿಮಗೆ ಜಿಎಸ್‌ಟಿ ಹಾಕುವವರಿಗೆ ಹಾಕುವ ಹಕ್ಕಿದೆಯೇ ಎಂಬುದು. ವರ್ಷದ ವಹಿವಾಟು ₹20 ಲಕ್ಷ ದಾಟದ ಸೇವೆದಾರರು ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ತೆರಿಗೆ ಎಂದು ಒಂದು ರೂಪಾಯಿ ಕೇಳುವಂತಿಲ್ಲ. ₹50 ಲಕ್ಷದೊಳಗೆ ವಹಿವಾಟು ಇದ್ದು ಕಾಂಪೊಸಿಷನ್ ಎಂಬ ಸರಳ ತೆರಿಗೆ ಯೋಜನೆಯಲ್ಲಿರುವವರು ಶೇ 6 ಕಟ್ಟುತ್ತಾರೆ, ಆದರೆ ಅದು ಅವರ ಕೈಯಿಂದ. ಗ್ರಾಹಕರಿಂದ ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ. ಚೀಟಿಯಲ್ಲಿ ‘ಜಿಎಸ್‌ಟಿ 18%’ ಎಂದು ಪೆನ್ನಿನಲ್ಲಿ ಬರೆದು, 15 ಅಕ್ಷರಗಳ ನೋಂದಣಿ ಸಂಖ್ಯೆ ಕೊಡದಿದ್ದರೆ ಕೇಳಿ. ಕರ್ನಾಟಕದ ಸಂಖ್ಯೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಹುಡುಕಬಹುದು, ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೇ, ಕಾಂಪೊಸಿಷನ್ನೇ ಎಲ್ಲವೂ ಕಾಣುತ್ತದೆ. ಊರಿನವರು ದೊಡ್ಡ ಕಂಪನಿಯ ಪರವಾಗಿ ಹಣ ಪಡೆಯುತ್ತಿದ್ದರೆ ಬಿಲ್ಲು ಆ ಕಂಪನಿಯ ಹೆಸರಲ್ಲೇ ಬರಬೇಕು. ರೌಟರ್‌ಗೆ ಕೊಟ್ಟ, ವಾಪಸ್ ಬರುವ ಡೆಪಾಸಿಟ್‌ಗೆ ಜಿಎಸ್‌ಟಿ ಇಲ್ಲ. ತಡವಾಗಿ ಕಟ್ಟಿದ್ದಕ್ಕೆ ಹಾಕುವ ದಂಡಕ್ಕೆ ಇದೆ. ಮನೆಯಿಂದಲೇ ವ್ಯವಹಾರ ಮಾಡುವ ನೋಂದಾಯಿತರು ತಮ್ಮ ಸಂಖ್ಯೆಯನ್ನು ಬಿಲ್ಲಿಗೆ ಸೇರಿಸಿಕೊಂಡರೆ, ವ್ಯವಹಾರಕ್ಕೆ ಬಳಸಿದಷ್ಟಕ್ಕೆ ಕ್ರೆಡಿಟ್ ಪಡೆಯಬಹುದು.

ತೆರಿಗೆ ಇಳಿದೂ ಬಿಲ್ಲು ಇಳಿಯದಿದ್ದರೆ? ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 171 ಪ್ರಕಾರ ಇಳಿಕೆಯನ್ನು ಗ್ರಾಹಕರಿಗೆ ದಾಟಿಸಲೇಬೇಕು. ಆದರೆ ಅದರ ಅಡಿ ಹೊಸ ದೂರು ಪಡೆಯುವುದನ್ನು 2025ರ ಏಪ್ರಿಲ್ 1ರಿಂದ ನಿಲ್ಲಿಸಲಾಗಿದೆ, ಅಂದರೆ ಸೆಪ್ಟೆಂಬರ್‌ನ ದೊಡ್ಡ ಇಳಿಕೆಗೆ ಸುಮಾರು ಆರು ತಿಂಗಳ ಮೊದಲೇ. ಇದು ಕೈಕೋಲು ಕಿತ್ತುಕೊಂಡು ಬೆಟ್ಟ ಹತ್ತು ಎಂದಂತೆ. ಆಗ ಸರ್ಕಾರ ತೋರಿಸಿದ ದಾರಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೆ ಹೋಗುವಾಗ ‘ಬಿಲ್ಲು ಇಳಿದಿಲ್ಲ’ ಎಂದಷ್ಟೇ ಹೇಳಿದರೆ ಉಪಯೋಗ ಕಡಿಮೆ. ದರ ಬದಲಾಗುವ ಮೊದಲಿನ ತಿಂಗಳ ಬಿಲ್ಲು ಒಂದು, ನಂತರದ್ದು ಒಂದು, ಎರಡನ್ನೂ ಪಿಡಿಎಫ್‌ನಲ್ಲೇ ಇಟ್ಟುಕೊಳ್ಳಿ. ನೋಡಬೇಕಾದದ್ದು ಒಟ್ಟು ಮೊತ್ತವನ್ನಲ್ಲ, ‘ಟ್ಯಾಕ್ಸಬಲ್ ವ್ಯಾಲ್ಯೂ’ ಎಂಬ ಸಾಲನ್ನು. ಪ್ಲಾನ್ ಅದೇ, ವೇಗ ಅದೇ, ₹699 ಇದ್ದ ಆ ಸಾಲು ತೆರಿಗೆ ಇಳಿದ ತಿಂಗಳೇ ₹736 ಆಗಿದ್ದರೆ, ಶೇ 12ರ ತೆರಿಗೆ ಸೇರಿ ಒಟ್ಟು ₹824.32. ಇಳಿಕೆ ಎಲ್ಲಿ ಹೋಯಿತು ಎಂಬುದು ಆ ಸಾಲಿನಲ್ಲೇ ಇದೆ.